ಭರಮಪ್ಪ, ಮಿಲಿಂದ, ಆರವ್: ಗಡಿಸೀಮೆಯ ತೊಟ್ಟಿಲಿನ ಹೆಸರುಗಳು

ಮಹಾರಾಷ್ಟ್ರದ ಗಡಿಗೆ ಹತ್ತಿರದ ಐನಾಪುರದ ಕಡೆ ಹಲವು ಮನೆಗಳಲ್ಲಿ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಇಳಿಯುವುದು ಕೂಸಲ್ಲ, ರುಬ್ಬುಗುಂಡು. ಆ ಕಲ್ಲಿಗೆ ಕುಂಚಿಗೆ ತೊಡಿಸಿ, ಕುಂಕುಮ ಹಚ್ಚಿ, ಗುಂಡಪ್ಪ ಎಂದು ಕರೆದು ತೂಗುತ್ತಾರೆ. ಗುಂಡಪ್ಪನ ಸರದಿ ಮುಗಿದ ಮೇಲೆ ಕೂಸು. ಸೋದರತ್ತೆ ಬಗ್ಗಿ ಅದರ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುತ್ತಾಳೆ. ಸುತ್ತ ನಿಂತ ಹೆಣ್ಣುಮಕ್ಕಳು ಅವಳ ಬೆನ್ನಿಗೆ ಗುದ್ದುತ್ತಾರೆ, ಆಮೇಲೆ ಗುಗ್ಗರಿ ಹಂಚುತ್ತಾರೆ. ನಮ್ಮ ಸೀಮೆಯ ಹೆಸರುಗಳೆಲ್ಲ ಹೀಗೆ ಒಂದು ಬಾಯಿಂದ ಒಂದು ಕಿವಿಗೆ ಬಿದ್ದು ಹುಟ್ಟಿದವು. ಬರವಣಿಗೆ ಆಮೇಲಿನ ಮಾತು.

ಇತ್ತೀಚೆಗೆ ಅಂಥದೊಂದು ತೊಟ್ಟಿಲ ಕಾರ್ಯಕ್ರಮಕ್ಕೆ ಹೋಗಿದ್ದೆ. ತೊಟ್ಟಿಲ ಹಿಂದೆ ಬಲೂನುಗಳು, ಬಲೂನುಗಳ ನಡುವೆ ಫ್ಲೆಕ್ಸು, ಫ್ಲೆಕ್ಸಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕೂಸಿನ ಹೆಸರು. ಮೊದಲಿಗೆ ಎರಡು ‘ಎ’, ಕೊನೆಗೆ ಎರಡು ‘ವಿ’. ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ಕುಳಿತಿದ್ದ ಕೂಸಿನ ಮುತ್ತಜ್ಜಿಗೆ ಅದು ಕಾಣುವಂತಿರಲಿಲ್ಲ. ಮೊಮ್ಮಗನ ಹೆಂಡತಿಯನ್ನು ಕರೆದು ಕೇಳಿದರು:

“ಏನ ಹೆಸರ ಇಟ್ರೆವಾ?”

“ಆರವ್ ಅಂತ ಇಟ್ಟೇವ್ರಿ, ಆಯಿ.”

“ಆರವ್ವ? ಗಂಡ ಕೂಸಿಗಿ ಅವ್ವ ಅಂತ ಯಾಕ ಕರೀತೀರಿ?”

ಯಾರೂ ನಗಲಿಲ್ಲ. ಆಯಿ ಕೇಳಿದ್ದು ನಿಜವಾದ ಪ್ರಶ್ನೆ. ಯಲ್ಲವ್ವ, ಗಂಗವ್ವ, ಕಾಶವ್ವ, ಲಕ್ಕವ್ವರ ನಡುವೆ ಎಂಬತ್ತು ವರ್ಷ ಬದುಕಿದ ಕಿವಿಗೆ ‘ಅವ್’ ಎಂದು ಮುಗಿಯುವ ಹೆಸರು ಹೆಣ್ಣಿನದು. ಅದರಲ್ಲಿ ತಪ್ಪೇನೂ ಇಲ್ಲ, ಅದು ಆ ಕಿವಿಯ ವ್ಯಾಕರಣ. ಕೂಸಿನ ತಂದೆ ಹೆಸರಿನ ಅರ್ಥ ಹೇಳಿದ: “ಶಾಂತ ಅಂತ್ರಿ.” ಮೊಬೈಲಿನ ಹೆಸರುಪಟ್ಟಿಗಳಲ್ಲಿ ಇರುವುದೂ ಹಾಗೆಯೇ. ಸಂಸ್ಕೃತ ನಿಘಂಟು ತೆಗೆದು ನೋಡಿದರೆ ‘ಆರವ’ ಎಂದರೆ ಸದ್ದು, ಕೂಗು, ಮೊರೆತ. ‘ಕಲರವ’ ಎಂಬ ಮಾತು ಗೊತ್ತಿರುವ ಯಾವ ಕನ್ನಡಿಗನೂ ನಿಘಂಟು ನೋಡದೆಯೇ ಇದನ್ನು ಹೇಳಬಲ್ಲ. ಹಸುಗೂಸಿಗೆ ಕೂಗು ಎಂಬ ಹೆಸರು ಚೆನ್ನಾಗಿಯೇ ಇದೆ. ಆದರೆ ಅದನ್ನು ಇಟ್ಟವರಿಗೆ ತಾವು ಇಟ್ಟದ್ದೇನೆಂದು ಗೊತ್ತಿರಲಿಲ್ಲ.

ಹಳೆಯ ಹೆಸರು ಬಿಟ್ಟು ಹೊಸದು ಹಿಡಿದರೆಂದು ಬೇಸರಪಡುವವರಲ್ಲಿ ನಾನಿಲ್ಲ. ಹೆಸರನ್ನು ತಿದ್ದಿ ತೀಡಿ ತನ್ನದಾಗಿಸಿಕೊಳ್ಳುವುದು ಕನ್ನಡಕ್ಕೆ ಸಾವಿರ ವರ್ಷಗಳ ರೂಢಿ. ಐನಾಪುರದಿಂದ ಬಹಳ ದೂರವೇನಲ್ಲದ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿಯನ್ನೇ ನೋಡಿ. ‘ರತ್ನ’ ಎಂಬ ಸಂಸ್ಕೃತ ಶಬ್ದ ಕನ್ನಡದ ಬಾಯಲ್ಲಿ ‘ರನ್ನ’ ಆಯಿತು, ಆ ತಿದ್ದಿದ ರೂಪವೇ ಮಹಾಕವಿಯ ಹೆಸರಾಯಿತು. ರತ್ನಾಕರ, ರತ್ನರಾಜ ಎಂದು ಅವನು ಹಿಂದಕ್ಕೆ ತಿರುಗಲಿಲ್ಲ. ತನ್ನ ಮಕ್ಕಳಿಗೆ ಅವನು ಇಟ್ಟ ಹೆಸರುಗಳೂ ತಿಳಿದಿವೆ. ಆಶ್ರಯ ಕೊಟ್ಟ ಚಾವುಂಡರಾಯನ ನೆನಪಿಗೆ ಮಗನಿಗೆ ರಾಯ, ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ ಮಗಳಿಗೆ ಅತ್ತಿಮಬ್ಬೆ. ಋಣವನ್ನು ಹೆಸರಿನಲ್ಲಿ ಕಟ್ಟಿಡುವ ಇಂಥ ರೀತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಸಂಸ್ಕೃತದ ಶಬ್ದ ಕನ್ನಡದಲ್ಲಿ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಅಪಭ್ರಂಶದ ಪ್ರಕರಣವೊಂದನ್ನು ಬರೆದಿಟ್ಟ. ನಮ್ಮ ಊರಿನ ಹಾಜರಿ ಪುಸ್ತಕವೇ ಆ ಪ್ರಕರಣದ ಉದಾಹರಣೆಗಳ ಪಟ್ಟಿಯಂತಿದೆ. ವೃಷಭ ಬಸವನಾಗಿ ಬಸಪ್ಪನಾದ. ಯಕ್ಷಿ ಜಕ್ಕಿಯಾಗಿ ಜಕ್ಕವ್ವಳಾದಳು. ಲಕ್ಷ್ಮಿ ಲಕ್ಕವ್ವಳೂ ಲಗಮವ್ವಳೂ ಆದಳು. ಪಾರ್ಶ್ವನಾಥ ಪಾರೀಸನಾದ, ಆದಿನಾಥ ಆದಪ್ಪನಾದ. ಬ್ರಹ್ಮ ಬರಮನಾಗಿ, ಬರಹದಲ್ಲಿ ಎಲ್ಲಿಂದಲೋ ಬಂದ ಮಹಾಪ್ರಾಣವೊಂದನ್ನು ತಗುಲಿಸಿಕೊಂಡು ಭರಮಪ್ಪನಾದ, ಭರಮಗೌಡನಾದ.

ಭರಮಪ್ಪನ ಬಗ್ಗೆ ತುಸು ನಿಲ್ಲಬೇಕು. ಕಾಗವಾಡ, ಅಥಣಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಆಚೆ ಶಿರೋಳ, ಹಾತಕಣಂಗಲೆ, ಸಾಂಗ್ಲಿವರೆಗೆ ಹಬ್ಬಿರುವ ಹೆಸರಿದು. ಇಲ್ಲಿನ ಬ್ರಹ್ಮ ನಾಲ್ಕು ಮುಖದ ಸೃಷ್ಟಿಕರ್ತನಲ್ಲ, ಜೈನ ಬಸದಿಯ ಕಾವಲಿಗೆ ನಿಂತ ಬ್ರಹ್ಮದೇವ. ಬಸದಿಯಂಗಳದ ಕ್ಷೇತ್ರಪಾಲನ ಹೆಸರು ಒಕ್ಕಲು ಮಕ್ಕಳ ಹೆಸರಾಯಿತು. ಗಡಿಯ ಆಚೆ ಸಹಕಾರ ಚಳವಳಿಯ ದೊಡ್ಡ ನಾಯಕರಾಗಿ, ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದ ರತ್ನಪ್ಪ ಕುಂಭಾರರ ತಂದೆಯ ಹೆಸರು ಭರಮಪ್ಪ. ಮಹಾರಾಷ್ಟ್ರದ ಜನ ಅವರನ್ನು ದೇಶಭಕ್ತ ಎಂದು ಕರೆದರು, ಮರಾಠಿಯಲ್ಲಿ ಬರೆದರು, ಆದರೆ ಹೆಸರಿನೊಳಗಿನ ‘ಅಪ್ಪ’ ಎರಡೂ ಕಡೆ ಕನ್ನಡದ ಅಪ್ಪನೇ. ಈಚೆ ಕಾಗವಾಡ ಕ್ಷೇತ್ರದ ಶಾಸಕರನ್ನು ಎಲ್ಲರೂ ರಾಜು ಕಾಗೆ ಎನ್ನುತ್ತಾರೆ, ದಾಖಲೆಯಲ್ಲಿ ಅವರು ಭರಮಗೌಡ ಆಲಗೌಡ ಕಾಗೆ. ಆಚೆಯ ರೈತ ನಾಯಕ, ಮಾಜಿ ಸಂಸದ ರಾಜು ಶೆಟ್ಟಿಯವರ ದಾಖಲೆಯ ಹೆಸರು ದೇವಪ್ಪ ಅಣ್ಣಾ ಶೆಟ್ಟಿ. ಒಂದು ಹೆಸರು ಕಾಗದಕ್ಕೆ, ಇನ್ನೊಂದು ಕರೆಯುವುದಕ್ಕೆ. ಗಡಿಯ ಎರಡೂ ಕಡೆ ಕಾಗದದ ಹೆಸರು ಅಜ್ಜನದು, ಕರೆಯುವ ಹೆಸರು ಕಾಲದ್ದು.

ಸಾಂಗ್ಲಿ ಪಕ್ಕದ ಕುಪವಾಡದಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಎಂಬ ಇಬ್ಬರು ವಿದ್ವಾಂಸರು ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದ ಪ್ರಬಂಧ ಭಾಷಾವಿಜ್ಞಾನದ ಜಗತ್ತಿನಲ್ಲಿ ಪ್ರಸಿದ್ಧ. ಆ ಊರಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯಗಳು ಒಂದರ ಪಕ್ಕ ಒಂದನ್ನಿಟ್ಟರೆ ಪದಕ್ಕೆ ಪದ ಹೊಂದುವಷ್ಟು ಹತ್ತಿರ ಬಂದಿವೆ ಎಂದು ಅವರು ತೋರಿಸಿದರು. ವ್ಯಾಕರಣವೇ ಹಾಗೆ ಕೂಡಿಕೊಂಡ ಸೀಮೆಯಲ್ಲಿ ಹೆಸರು ಕೂಡದೆ ಇರುತ್ತದೆಯೇ? ಅಪ್ಪಾಸಾಹೇಬ, ಬಾಳಾಸಾಹೇಬ, ಅಣ್ಣಾಸಾಹೇಬ ಎಂಬ ಹೆಸರುಗಳಲ್ಲಿ ಕನ್ನಡದ ಅಪ್ಪ, ಮರಾಠಿಯ ಬಾಳ, ಅರಬ್ಬೀ ಮೂಲದ ಸಾಹೇಬ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ.

ಈ ಪಂಕ್ತಿಯಲ್ಲಿ ಗ್ರೀಕರೂ ಇದ್ದಾರೆ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ನಮ್ಮ ತಾಲ್ಲೂಕುಗಳಲ್ಲಿ ಮಿಲಿಂದ ಎಂಬ ಹೆಸರಿನವರು ಊರಿಗೊಬ್ಬರಾದರೂ ಸಿಗುತ್ತಾರೆ. ಆ ಹೆಸರಿನ ಮೊದಲ ಒಡೆಯ ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ವಾಯವ್ಯ ಭಾರತವನ್ನಾಳಿದ ಯವನ ಅರಸ ಮೆನಾಂಡ್ರೋಸ್. ಅವನ ನಾಣ್ಯಗಳ ಒಂದು ಮೈಯಲ್ಲಿ ಗ್ರೀಕ್ ಲಿಪಿಯಲ್ಲಿ ಅವನ ಹೆಸರಿದೆ, ಇನ್ನೊಂದು ಮೈಯಲ್ಲಿ ಖರೋಷ್ಠಿ ಲಿಪಿಯಲ್ಲಿ ‘ಮೆನದ್ರ’ ಎಂದಿದೆ. ಬಿಕ್ಕು ನಾಗಸೇನನೊಡನೆ ಅವನು ನಡೆಸಿದ ಪ್ರಶ್ನೋತ್ತರಗಳ ಪಾಲಿ ಗ್ರಂಥದಲ್ಲಿ ಅವನು ‘ಮಿಲಿಂದ’. ಹೆಸರಿನಲ್ಲಿದ್ದ ‘ಆಂಡ್ರೋಸ್’ ಎಂದರೆ ಗಂಡಸು, ‘ಮೆನ್’ ಎಂದರೆ ಗಟ್ಟಿಯಾಗಿ ನಿಲ್ಲುವುದು ಅಥವಾ ಕಸುವು. ಹೀಗೆ ಗ್ರೀಕರಿಗೆ ಅದು ಗಟ್ಟಿ ಗಂಡಾಳು. ಭಾರತದ ಕಿವಿಗೆ ಬಿದ್ದು ಮಿಲಿಂದವಾದಾಗ ಇನ್ನೊಂದು ಅರ್ಥ ಬಂದು ಕೂತಿತು, ಸಂಸ್ಕೃತದಲ್ಲಿ ಮಿಲಿಂದವೆಂದರೆ ದುಂಬಿ.

ಅರಸನೊಬ್ಬನ ಹೆಸರು ಎರಡು ಸಾವಿರ ವರ್ಷ ಪುಸ್ತಕದಲ್ಲಿ ಮಲಗಿದ್ದು ನಮ್ಮ ಕಾಲದಲ್ಲಿ ಎದ್ದದ್ದು ಬಾಬಾಸಾಹೇಬ ಅಂಬೇಡ್ಕರರಿಂದ. 1950ರಲ್ಲಿ ಅವರು ಔರಂಗಾಬಾದಿನಲ್ಲಿ ಕಾಲೇಜು ತೆರೆದು ಅದಕ್ಕೆ ಮಿಲಿಂದ ಮಹಾವಿದ್ಯಾಲಯ ಎಂಬ ಹೆಸರು ಬಂದಾಗ, ಆವರಣ ನಾಗಸೇನವನವಾದಾಗ, ಪ್ರಶ್ನೆ ಕೇಳುವ ಅರಸ ಮತ್ತು ಉತ್ತರ ಹೇಳುವ ಬಿಕ್ಕು ಇಬ್ಬರೂ ಸಾವಿರಾರು ಮನೆಗಳಿಗೆ ಬಂದರು. ಅಂಬೇಡ್ಕರರು 1925ರಷ್ಟು ಹಿಂದೆಯೇ ನಿಪ್ಪಾಣಿಗೆ ಬಂದು ಸಮಾವೇಶದಲ್ಲಿ ಮಾತಾಡಿದ್ದವರು, ಈ ಸೀಮೆಗೆ ಅವರ ಹೆಜ್ಜೆ ಹೊಸದಲ್ಲ. ಅಪ್ಪ, ಅಜ್ಜಂದಿರಿಗೆ ಊರು ಅವಮಾನದ ಹೆಸರು ಹಿಡಿದು ಕೂಗುತ್ತಿದ್ದ ಕೇರಿಗಳಲ್ಲಿ ಮಗನಿಗೆ ಮಿಲಿಂದ ಎಂದು ಹೆಸರಿಟ್ಟ ತಂದೆ ಅಂದು ಮಾಡಿದ್ದು ದೊಡ್ಡ ಕೆಲಸ. ಅವನಿಗೆ ಹೆಸರಿನ ಅರ್ಥಕ್ಕಿಂತ ಹೆಸರಿನ ಹಿಂದಿದ್ದ ಸಂಗತಿ ಗೊತ್ತಿತ್ತು. ಹೆಸರು ಇಡುವವರಿಗೆ ಇರಬೇಕಾದ ತಿಳಿವಳಿಕೆ ಅದು.

ಇನ್ನೊಬ್ಬ ಗ್ರೀಕ ಸಿಕಂದರ. ‘ಜನರನ್ನು ಕಾಯುವವನು’ ಎಂಬ ಅರ್ಥದ ಅಲೆಕ್ಸಾಂದ್ರೋಸ್ ಅರಬರ ನಾಡಿಗೆ ಹೋದಾಗ ಮೊದಲಿನ ‘ಅಲ್’ ತಮ್ಮ ಭಾಷೆಯ ಉಪಪದವೆಂದು ಅವರು ಬಗೆದರು. ಅಲ್ ಕಳಚಿ ಉಳಿದದ್ದು ಇಸ್ಕಂದರ್, ಫಾರಸಿ ದಾಟಿ ನಮ್ಮಲ್ಲಿಗೆ ಬಂದಾಗ ಸಿಕಂದರ್. ಕಿವಿಯ ಒಂದು ತಪ್ಪು ಲೆಕ್ಕ ಎರಡು ಅಕ್ಷರ ನುಂಗಿತು, ಆದರೂ ಹುಟ್ಟಿದ್ದು ಬಾಯಿಗೆ ಹಿತವಾದ ಹೆಸರು. ಉರುಸಿನಲ್ಲಿ, ಮೊಹರಮ್ಮಿನಲ್ಲಿ, ಸಂತೆಯಲ್ಲಿ ಸಿಕಂದರಭಾಯಿ ಎಂದು ಕೂಗುವ ಯಾರಿಗೂ ತಾವು ಮಾಸಿಡೋನಿಯದ ಹೆಸರು ಕೂಗುತ್ತಿದ್ದೇವೆ ಎನ್ನಿಸುವುದಿಲ್ಲ. ಅಷ್ಟರಮಟ್ಟಿಗೆ ಅದು ನಮ್ಮದಾಗಿದೆ.

ಹೆಸರು ಪೂರ್ತಿ ನಮ್ಮದಾದಂತೆ ಕಂಡಾಗಲೂ ಬೇರು ಬೇರೆಡೆ ಇರಬಹುದು. ಸೋನಿಯಾ ಎಂದಾಗ ನಮಗೆ ಕೇಳುವುದು ಹಿಂದಿ, ಮರಾಠಿಯ ಸೋನೆ, ಚಿನ್ನ. ಅದು ರಷ್ಯನ್ನರು ‘ಸೋಫಿಯಾ’ವನ್ನು ಮುದ್ದಿನಿಂದ ಮೊಟಕು ಮಾಡಿದ ರೂಪ, ಗ್ರೀಕಿನಲ್ಲಿ ಸೋಫಿಯಾ ಎಂದರೆ ಅರಿವು. ನಿಕಿತಾ ನಮ್ಮಲ್ಲಿ ಹುಡುಗಿಯ ಹೆಸರು, ಸೋವಿಯತ್ ನಾಯಕ ಖ್ರುಶ್ಚೇವರಿಗೂ ಅದೇ ಹೆಸರು. ಅವರದು ಗ್ರೀಕಿನ ‘ಅನಿಕೇತೋಸ್’ನಿಂದ ಬಂದದ್ದು, ಸೋಲದವನು ಎಂದು ಅರ್ಥ. ಸಂಸ್ಕೃತದ ಅನಿಕೇತ ಮನೆಯಿಲ್ಲದವನು. ಗಡಿಭಾಗದ ಶಾಲೆಗಳಲ್ಲಿ ಅನಿಕೇತರು ತುಂಬಿದ್ದಾರೆ. ಒಂದೇ ಸದ್ದಿನ ಎರಡು ಹೆಸರು, ಒಂದಕ್ಕೊಂದು ರಕ್ತಸಂಬಂಧವಿಲ್ಲ. ಸದ್ದು ಹೊಂದಿತೆಂದು ಅರ್ಥವನ್ನು ಎರವಲು ತಂದು ಅಂಟಿಸಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಗ್ರೀಕರ ಹೆಸರಿಡುವ ಪದ್ಧತಿಯನ್ನು ಓದುತ್ತ ಹೋದರೆ ನಮ್ಮ ಮನೆಯನ್ನೇ ಓದಿದಂತಾಗುತ್ತದೆ. ಅಲ್ಲಿಯೂ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು. ದಿಮಿತ್ರಿಯೋಸ್ ಎಂಬ ಅಜ್ಜನ ಮೊಮ್ಮಗ ಕಾಗದದಲ್ಲಿ ದಿಮಿತ್ರಿಯೋಸ್, ಮನೆಯಲ್ಲಿ ದಿಮಿತ್ರಿಸ್. ಕಾನ್‌ಸ್ಟಾಂಟಿನೋಸ್ ಹೋಗಿ ಕೋಸ್ತಾಸ್, ಇಯೋಆನಿಸ್ ಹೋಗಿ ಯಾನಿಸ್. ಐನಾಪುರದ ಸಿದ್ಧೇಶ್ವರನ ಹೆಸರು ಹೊತ್ತ ಸಿದ್ದಪ್ಪಜ್ಜನ ಮೊಮ್ಮಗ ಈಗ ಸಿದ್ಧಾರ್ಥ ಅಥವಾ ಸಿದ್ಧಾಂತ. ಶಿವಪ್ಪನ ಮೊಮ್ಮಗ ಶಿವಾಂಶ್, ರುದ್ರಪ್ಪನ ಮೊಮ್ಮಗ ರುದ್ರಾಂಶ್, ಆದಪ್ಪನ ಮೊಮ್ಮಗ ಆದೀಶ್. ಅಜ್ಜನ ಹೆಸರಿನ ತಲೆ ಉಳಿಸಿ ಬಾಲ ಬದಲಿಸುವ ಈ ರೂಢಿಯನ್ನು ನಾನು ಮೆಚ್ಚುತ್ತೇನೆ. ಪಾರೀಸ ಮತ್ತೆ ಪಾರ್ಶ್ವನಾಗುತ್ತಿದ್ದಾನೆ, ಅದೂ ಸರಿಯೇ. ಆದರೆ ಪಾರೀಸನೆಂಬ ರೂಪ ಕೀಳು, ಪಾರ್ಶ್ವ ಮೇಲು ಎಂಬ ಭಾವನೆ ಅದರ ಹಿಂದಿದ್ದರೆ ಒಪ್ಪಲಾರೆ. ಹಾಗೆ ನೋಡಿದರೆ ರನ್ನನೂ ಕೀಳಾಗಬೇಕು.

ಹಳೆಯದೆಲ್ಲ ಹೊನ್ನಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಸಾವಿನ ಕಣ್ಣು ಅದರ ಮೇಲೆ ಬೀಳದಿರಲಿ ಎಂದು. ಗ್ರೀಕರು, ರೋಮನರು ಆಳಿದ ಕಾಲದ ಈಜಿಪ್ಟಿನ ಹಳೆಯ ಕಾಗದಗಳಲ್ಲೂ ಕೊಪ್ರಿಯಾ, ಕೊಪ್ರೆಯುಸ್ ಎಂಬ ಹೆಸರುಗಳು ಸಿಗುತ್ತವೆ. ‘ಕೊಪ್ರೋಸ್’ ಎಂದರೆ ಸಗಣಿ, ಗೊಬ್ಬರ. ತಿಪ್ಪೆಯ ಮೇಲೆ ಬಿಟ್ಟುಹೋದ ಅನಾಥ ಕೂಸುಗಳಿಗೂ, ಉಳಿಯಲೆಂದು ಹರಕೆ ಹೊತ್ತ ಕೂಸುಗಳಿಗೂ ಅಂಥ ಹೆಸರು ಬಂತೆಂದು ವಿದ್ವಾಂಸರ ಅಭಿಪ್ರಾಯ. ಸಮುದ್ರದ ಎರಡು ದಂಡೆಗಳಲ್ಲಿ ಎರಡು ತಾಯಂದಿರು ಒಂದೇ ಭಯಕ್ಕೆ ಒಂದೇ ಮದ್ದು ಹುಡುಕಿದ್ದರು. ಆ ಕಾಗದಗಳು ರಾಶಿಯಾಗಿ ಸಿಕ್ಕ ಊರುಗಳಲ್ಲಿ ಒಂದಾದ ಆಕ್ಸಿರಿಂಕಸ್‌ನ ಹಳೆಯ ತಿಪ್ಪೆಗಳಲ್ಲೇ ಕನ್ನಡದ ಮಾತುಗಳಿರಬಹುದೆಂದು ಚರ್ಚೆಯಾದ ಗ್ರೀಕ್ ಪ್ರಹಸನವೂ ದೊರೆಯಿತು. 1903ರಲ್ಲಿ ಪ್ರಕಟವಾದ ಆ ಪ್ರಹಸನದ ಭಾಷೆಯ ಬಗ್ಗೆ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ. ಅದರ ನಾಯಕಿ ಖಾರಿತಿಯೊನ್, ‘ಖಾರಿಸ್’ ಎಂದರೆ ಚೆಲುವು, ಕೃಪೆ. ನಮ್ಮಲ್ಲಾದರೆ ಅವಳು ಚೆಲುವವ್ವ.

ತಿಪ್ಪಣ್ಣನಲ್ಲಿ ಪ್ರೀತಿಯಿದೆ, ಸಾಕವ್ವನಲ್ಲಿ ಅದಿಲ್ಲ. ಹೆಣ್ಣು ಹುಟ್ಟಿದ್ದು ಸಾಕು ಎಂದು ಇಟ್ಟ ಹೆಸರನ್ನು ಹೊತ್ತು ಅಂಗನವಾಡಿಯಿಂದ ಸ್ಮಶಾನದವರೆಗೆ ನಡೆದ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಗಡಿಯಾಚೆ ಅದೇ ಹೆಸರು ನಕೋಶಿ, ಬೇಡವಾದವಳು. 2011ರ ಅಕ್ಟೋಬರಿನಲ್ಲಿ ಸಾತಾರಾದಲ್ಲಿ ಸಮಾರಂಭವೊಂದನ್ನು ಏರ್ಪಡಿಸಿ ಅಂಥ 285 ಹೆಣ್ಣುಮಕ್ಕಳಿಗೆ ಅವರೇ ಆರಿಸಿಕೊಂಡ ಹೊಸ ಹೆಸರು ಕೊಟ್ಟರು. ಹೆಸರು ಬದಲಿಸಿದ್ದರಲ್ಲಿ ನಾನು ಕಂಡ ಅತ್ಯಂತ ನ್ಯಾಯವಾದ ಕೆಲಸ ಅದು. ಸಾಕವ್ವನ ಮೊಮ್ಮಗಳು ಸಾನ್ವಿಯಾದರೆ ನಾನು ಸಂತೋಷವನ್ನೇ ಪಡುತ್ತೇನೆ.

ಸಾನ್ವಿ ಹೆಸರು ನಮ್ಮ ಊರುಗಳಿಗೆ ಬಂದ ದಾರಿ ಎಲ್ಲರಿಗೂ ಗೊತ್ತು. 2016ರ ಕೊನೆಗೆ ಬಂದ ‘ಕಿರಿಕ್ ಪಾರ್ಟಿ’ ಎಂಬ ಕನ್ನಡ ಸಿನಿಮಾದಲ್ಲಿ ರಶ್ಮಿಕಾ ಮಂದಣ್ಣ ಅವರ ಪಾತ್ರದ ಹೆಸರು ಅದು. ಹೆಸರುಪಟ್ಟಿಗಳು ಸಾನ್ವಿ ಎಂದರೆ ಲಕ್ಷ್ಮಿ ಎನ್ನುತ್ತವೆ. ಕಿಯಾರಾ ಬಂದದ್ದೂ ಹಿಂದಿ ಸಿನಿಮಾದಿಂದ. ಪಟ್ಟಿಯಲ್ಲಿ ಅದಕ್ಕೆ ‘ಕಪ್ಪು ಕೂದಲಿನವಳು’ ಎಂಬ ಅರ್ಥವೂ ಸಿಗುತ್ತದೆ, ಇಟಲಿಯಲ್ಲಿ ಕಿಯಾರಾ ಎಂದರೆ ಬೆಳಕುಳ್ಳವಳು, ತಿಳಿಯಾದವಳು. ಮೈರಾ ಎಂಬುದಕ್ಕೆ ‘ಪ್ರೀತಿಪಾತ್ರಳು’ ಎಂದು ಬರೆದಿರುತ್ತಾರೆ, ಅದು 16ನೇ ಶತಮಾನದ ಇಂಗ್ಲಿಷ್ ಕವಿ ಫುಲ್ಕ್ ಗ್ರೆವಿಲ್ ತನ್ನ ಪದ್ಯಗಳಿಗಾಗಿ ಕಟ್ಟಿಕೊಂಡ ಹೆಸರು. ಕಟ್ಟಿದ ಹೆಸರು ಇಡಬಾರದೆಂದಲ್ಲ, ಮೊದಲ ದಿನ ಎಲ್ಲ ಹೆಸರೂ ಯಾರೋ ಕಟ್ಟಿದ್ದೇ. ಅದಕ್ಕೆ ಇಲ್ಲದ ಅರ್ಥವೊಂದನ್ನು ಹೊಲಿದು ಕೊಟ್ಟು ತಾಯಿತಂದೆಯರನ್ನು ನಂಬಿಸುವುದು ಮಾತ್ರ ಮೋಸ.

ಇಂಗ್ಲಿಷ್ ಮಾತಾಡುವ ದೇಶಗಳಲ್ಲೂ ಇದೇ ಗಾಳಿ. ಅಲ್ಲಿನವರು ಹಳೆಯ ಗ್ರೀಕ್ ಹೆಸರುಗಳ ಕಾಗುಣಿತ ಬದಲಿಸಿ ಹೊಸದೆನ್ನಿಸುತ್ತಾರೆ. ಅಲೆಕ್ಸಾಂಡರನ ತಲೆ ಕಡಿದು ಝಾಂಡರ್, ‘ಬದುಕು’ ಎಂಬರ್ಥದ ಝೋಯಿಯ ಕೊನೆಗೊಂದು ‘ವೈ’, ‘ಎಳೆಯ ಚಿಗುರು’ ಎಂಬರ್ಥದ ಕ್ಲೋಯಿಗೆ ಮೊದಲಿನ ‘ಸಿ’ ತೆಗೆದು ‘ಕೆ’. ಈ ಕೊನೆಯದರಲ್ಲಿ ಒಂದು ಸ್ವಾರಸ್ಯವಿದೆ. ಹಳೆಯ ಗ್ರೀಕಿನಲ್ಲಿ ಆ ಹೆಸರಿನ ಮೊದಲ ಅಕ್ಷರದ ಉಚ್ಚಾರ ನಮ್ಮ ‘ಖ’. ‘ಕೆ’ ಮತ್ತು ‘ಎಚ್’ ಹಾಕಿದವರು ಹೊಸತನಕ್ಕೆ ಹೊರಟು ತಿಳಿಯದೆಯೇ ಮೂಲದ ಬಾಗಿಲಿಗೆ ಹೋಗಿ ನಿಂತರು. ಇಪ್ಪತ್ತಾರು ಅಕ್ಷರದ ಲಿಪಿಯಲ್ಲಿ ಒಂದೇ ಸದ್ದಿಗೆ ನಾಲ್ಕು ಕಾಗುಣಿತ ಸಾಧ್ಯ, ಹಾಗಾಗಿ ಅಲ್ಲಿ ಈ ಆಟ ನಡೆಯುತ್ತದೆ.

ನಮ್ಮ ಲಿಪಿಯಲ್ಲಿ ಅದು ನಡೆಯುವುದಿಲ್ಲ. ಫ್ಲೆಕ್ಸಿನ ಮೇಲೆ ಎರಡು ‘ವಿ’ ಬರೆಯಿರಿ, ಮೂರು ‘ಎ’ ಬರೆಯಿರಿ, ಕನ್ನಡದಲ್ಲಿ ಆ ಕೂಸು ಆರವ್. ಹೆಚ್ಚಿನ ಅಕ್ಷರಗಳು ಕಣ್ಣಿಗೆ ಮಾತ್ರ ಇವೆ, ಬಾಯಿಗಿಲ್ಲ. ಭರಮಪ್ಪ, ಬಸವ, ಸಿಕಂದರ, ಮಿಲಿಂದರನ್ನು ತಿದ್ದಿದ್ದು ನಾಲಿಗೆ. ನಾಲಿಗೆ ತಿದ್ದಿದ ಹೆಸರು ಕರೆಯಲು ಸುಲಭವಾಗುತ್ತ ಹೋಗುತ್ತದೆ. ಈಗಿನ ಹೆಸರುಗಳನ್ನು ತಿದ್ದುತ್ತಿರುವುದು ಅಕ್ಷರದ ಎಣಿಕೆ.

ಆ ಎಣಿಕೆ ಸಂಖ್ಯಾಶಾಸ್ತ್ರದ್ದು. ಕೀರೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಐರ್ಲೆಂಡಿನ ವಿಲಿಯಂ ಜಾನ್ ವಾರ್ನರ್ ಜನಪ್ರಿಯಗೊಳಿಸಿದ ಲೆಕ್ಕದಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ 1ರಿಂದ 8ರೊಳಗೆ ಒಂದು ಬೆಲೆ. ಒಂದು ‘ಎ’ ಸೇರಿಸಿದರೆ ಮೊತ್ತ ಒಂದು ಹೆಚ್ಚುತ್ತದೆ, ಅದೃಷ್ಟ ತಿರುಗುತ್ತದೆ ಎಂಬ ನಂಬಿಕೆ. ಅಕ್ಷರಕ್ಕೆ ಅಂಕಿ ಕೊಡುವುದು ಗ್ರೀಕರಲ್ಲೂ ಇತ್ತು, ಆಲ್ಫಾ ಒಂದು, ಬೀಟಾ ಎರಡು. ಪೊಂಪೆಯಿಯ ಗೋಡೆಯೊಂದರ ಮೇಲೆ ಪ್ರೇಮಿಯೊಬ್ಬ ತನ್ನವಳ ಹೆಸರು ಬರೆಯದೆ ಅವಳ ಸಂಖ್ಯೆ 545 ಎಂದಷ್ಟೇ ಗೀಚಿಹೋಗಿದ್ದಾನೆ. ನಮ್ಮಲ್ಲೂ ಇತ್ತು, ಕಟಪಯಾದಿ. ಅದು ಅದೃಷ್ಟಕ್ಕಲ್ಲ, ನೆನಪಿಗೆ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಗೊತ್ತು: ಮಾಯಾಮಾಳವಗೌಳದಲ್ಲಿ ‘ಮ’ 5, ‘ಯ’ 1, ತಿರುಗಿಸಿದರೆ 15, ಅದು ಹದಿನೈದನೆಯ ಮೇಳ. ಮೇಚಕಲ್ಯಾಣಿಯಲ್ಲಿ ‘ಮ’ 5, ‘ಚ’ 6, ತಿರುಗಿಸಿದರೆ 65. ಈ ಪದ್ಧತಿಯಲ್ಲಿ ಎಣಿಕೆಗೆ ಬರುವುದು ವ್ಯಂಜನ ಮಾತ್ರ. ‘ಮ’ ಇದ್ದರೂ ‘ಮಾ’ ಇದ್ದರೂ ಬೆಲೆ ಐದೇ. ಮೊದಲಿಗೆ ಬರುವ ಸ್ವರಕ್ಕೆ ಸೊನ್ನೆ, ಅದು ‘ಅ’ ಆದರೂ ‘ಆ’ ಆದರೂ ಸೊನ್ನೆಯೇ. ಅಂದರೆ ನಮ್ಮ ಪೂರ್ವಿಕರ ಲೆಕ್ಕದಲ್ಲಿ ಹೆಸರಿಗೆ ಇನ್ನೊಂದು ‘ಎ’ ಸೇರಿಸಿದರೆ ಏನೂ ಆಗುವುದಿಲ್ಲ. ಅದಕ್ಕೆ ಸಾವಿರಾರು ರೂಪಾಯಿ ಕೊಡುವ ತಾಯಿತಂದೆಯರಿಗೆ ಇದನ್ನು ನಾನು ಕೈಮುಗಿದು ಹೇಳುತ್ತೇನೆ.

ಹೆಚ್ಚಿನ ಅಕ್ಷರದಿಂದ ಲಾಭವಿಲ್ಲ, ಹಾನಿಯಿದೆ. ಗಡಿಯ ಮಕ್ಕಳಿಗೆ ಮೊದಲೇ ಕಾಗುಣಿತದ ತೊಡಕು ಹೆಚ್ಚು. ಮೈಸೂರು ಸೀಮೆಯವರು ‘ತ’ ಬರೆಯಲು ಇಂಗ್ಲಿಷಿನಲ್ಲಿ ‘ಟಿ’, ‘ಎಚ್’ ಎರಡನ್ನೂ ಹಾಕುತ್ತಾರೆ. ಮುಂಬಯಿ ಪ್ರಾಂತ್ಯದಲ್ಲಿದ್ದ ನಾವು ಮರಾಠಿಯವರಂತೆ ‘ಟಿ’ ಒಂದನ್ನೇ ಹಾಕುತ್ತೇವೆ. ಐನಾಪುರದ ಸವಿತಾ ಬೆಂಗಳೂರಿನ ಕಚೇರಿಗೆ ಹೋದರೆ ಅಲ್ಲಿನ ಗುಮಾಸ್ತರು ‘ಎಚ್’ ಸೇರಿಸುತ್ತಾರೆ. ಆ ಇಂಗ್ಲಿಷ್ ಹೆಸರನ್ನು ಕಂಪ್ಯೂಟರ್ ಮತ್ತೆ ಕನ್ನಡಕ್ಕೆ ತಿರುಗಿಸಿದಾಗ ಸವಿಥಾ ಎಂದಾಗುವುದೂ ಉಂಟು. ಹಳೆಮೈಸೂರಿನಲ್ಲಿ ಗೌಡಕ್ಕೆ ‘ಡಬ್ಲ್ಯೂ’, ನಮ್ಮಲ್ಲಿ ‘ಯು’. ಅಲ್ಲಿ ತಂದೆಯ ಹೆಸರು, ಊರಿನ ಹೆಸರು ಇನಿಶಿಯಲ್ ಆಗಿ ಮುಂದೆ, ಇಲ್ಲಿ ತಂದೆಯ ಹೆಸರು, ಅಡ್ಡಹೆಸರು ಹಿಂದೆ. ಸದಲಗಾದಲ್ಲಿ ಹುಟ್ಟಿ ಪ್ರಾಕೃತ ವಿದ್ವತ್ತಿನ ಶಿಖರವೇರಿ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಆ. ನೇ. ಉಪಾಧ್ಯೆಯವರು ಆದಿನಾಥ ನೇಮಿನಾಥ ಉಪಾಧ್ಯೆ. ತಂದೆ ಮಗ ಇಬ್ಬರ ಹೆಸರೂ ತೀರ್ಥಂಕರರದು, ತಮ್ಮದು ಮೊದಲು, ತಂದೆಯದು ಆಮೇಲೆ. ಇಂಥ ಹೆಸರು ತೆಂಕಣದ ಅರ್ಜಿ ನಮೂನೆಯೊಳಗೆ ಕೂರುವುದೇ ಕಷ್ಟ. ಅದರ ಮೇಲೆ ನಾವೇ ಇನ್ನೆರಡು ಅಕ್ಷರ ಹೇರಿದರೆ ಮಗು ಶಾಲೆ, ಆಧಾರ್, ಬ್ಯಾಂಕ್, ಪಾಸ್‌ಪೋರ್ಟ್ ಎಂದು ಜೀವಮಾನವಿಡೀ ಅಫಿಡವಿಟ್ ಹಿಡಿದು ಅಲೆಯಬೇಕು.

ನನ್ನ ಮನೆಯಲ್ಲೇ ಇದು ಆಗಿದೆ. ತಂಗಿಯ ಮಗನ ಹೆಸರಿನಲ್ಲಿ ಅದೃಷ್ಟಕ್ಕೆಂದು ಸೇರಿಸಿದ ಒಂದು ಅಕ್ಷರ ಶಾಲೆಯ ದಾಖಲೆಯಲ್ಲಿ ಬಂತು, ಜನನ ಪ್ರಮಾಣಪತ್ರದಲ್ಲಿ ಬರಲಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಎರಡು ವರ್ಷ ನಿಂತಿತು. ಅವಳು ಐನಾಪುರ, ಕಾಗವಾಡ, ಚಿಕ್ಕೋಡಿ ಎಂದು ಬಸ್ಸು ಹತ್ತಿಳಿದದ್ದನ್ನು ನೋಡಿದ್ದೇನೆ.

ಹೆಸರನ್ನು ನಿಜವಾಗಿ ಬದಲಿಸಿದ ಮೂವರು ಜೈನ ಮುನಿಗಳು ಈ ಸೀಮೆಯಲ್ಲೇ ಹುಟ್ಟಿದ್ದಾರೆ. ನಿಪ್ಪಾಣಿ ಬಳಿಯ ಭೋಜದ ಪಾಟೀಲರ ಮನೆಯ ಸಾತಗೌಡ ಆಚಾರ್ಯ ಶಾಂತಿಸಾಗರರಾದರು. ಐನಾಪುರಕ್ಕೆ ಕೂಗಳತೆಯಂಥ ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ಸುರೇಂದ್ರ ಆಚಾರ್ಯ ವಿದ್ಯಾನಂದರಾದರು. ಸದಲಗಾದ ಮಲ್ಲಪ್ಪ, ಶ್ರೀಮಂತಿಯವರ ಮಗ ವಿದ್ಯಾಧರ ಆಚಾರ್ಯ ವಿದ್ಯಾಸಾಗರರಾಗಿ 2024ರ ಫೆಬ್ರುವರಿಯಲ್ಲಿ ಡೋಂಗರಗಢದಲ್ಲಿ ದೇಹ ಬಿಟ್ಟರು. ಅವರಿಗೆ ಹೆಸರು ಬದಲಾಯಿತೆಂದರೆ ಬದುಕು ಬದಲಾಯಿತೆಂದೇ ಅರ್ಥ. ಬಟ್ಟೆ, ಮನೆ, ಊರು ಎಲ್ಲ ಬಿಟ್ಟ ಮೇಲೆ ಹೆಸರನ್ನೂ ಬಿಟ್ಟರು.

ತೊಟ್ಟಿಲಿನ ಕೂಸಿಗೆ ಅಷ್ಟೇನೂ ಬೇಡ. ಅದಕ್ಕೆ ಕರೆದರೆ ತಿರುಗಿ ನೋಡುವಂಥ ಒಂದು ಹೆಸರು ಸಾಕು. ಹೊಸ ಹೆಸರೇ ಇಡಿ, ಬೇಡ ಎನ್ನುವುದಿಲ್ಲ. ಮೊದಲು ಕನ್ನಡದಲ್ಲಿ ಬರೆದು ನೋಡಿ. ಅಂಗಳದ ಆ ತುದಿಯಿಂದ ಆಯಿಯ ಬಾಯಲ್ಲಿ ಒಮ್ಮೆ ಕೂಗಿಸಿ, ಅವರ ನಾಲಿಗೆ ಅದನ್ನು ಹೇಗೆ ತಿರುಗಿಸುತ್ತದೆ ಎಂದು ಕೇಳಿಸಿಕೊಳ್ಳಿ. ಅರ್ಥವನ್ನು ಮೊಬೈಲಿನ ಪಟ್ಟಿಯಲ್ಲಲ್ಲ, ನಿಘಂಟಿನಲ್ಲಿ ನೋಡಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇದೆ, ಇಲ್ಲದಿದ್ದರೆ ಊರಿನ ಶಾಲೆಯ ಕನ್ನಡ ಮಾಸ್ತರರನ್ನು ಕೇಳಿ. ಕಾನೂನು ಅದಕ್ಕೆ ಸಮಯವನ್ನೂ ಕೊಟ್ಟಿದೆ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿಯಾಗಬೇಕು, ಆದರೆ ಹೆಸರಿಲ್ಲದೆಯೂ ಅದು ಆಗುತ್ತದೆ. ಹೆಸರನ್ನು ಆಮೇಲೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಅದು ದಾಟಿದರೂ ತಡದ ಶುಲ್ಕ ಕಟ್ಟಿ ಹದಿನೈದು ವರ್ಷದವರೆಗೆ ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ, ಮತದಾರರ ಪಟ್ಟಿಗೆ, ಪಾಸ್‌ಪೋರ್ಟಿಗೆ ಹುಟ್ಟಿದ ದಿನ, ಸ್ಥಳ ತೋರಿಸುವ ಒಂದೇ ದಾಖಲೆ ಆ ಜನನ ಪ್ರಮಾಣಪತ್ರ. ಪಟ್ಟಣ ಪಂಚಾಯಿತಿಗೆ ಹೋಗುವ ದಿನ ಕನ್ನಡದಲ್ಲಿ ಬರೆದ ಚೀಟಿ ಕೈಯಲ್ಲಿರಲಿ, ಎರಡೂ ಲಿಪಿಯಲ್ಲಿ ಹೆಸರನ್ನು ನೀವೇ ಓದಿ ನೋಡಿದ ಮೇಲೆ ಸಹಿ ಮಾಡಿ.